ವೇಗ ತಗೊಂಡ ಕೂಡಲೇ ಹೆಲಿ ಮೂಗು ಎತ್ತುತ್ತೆ, ಎಲ್ಲಿಂದ ಹುಡುಕೋದು?

ಕೆಂಗೇರಿ_450
ಎಲ್ಲರಿಗೂ ನಮಸ್ಕಾರ. ಒಂದು ತೊಂದರೆ ತಲೆ ತಿಂತಾ ಇದೆ, ಗೊತ್ತಿರೋರು ದಾರಿ ತೋರಿಸಿ.

450 ಸೈಜಿನ ಎಲೆಕ್ಟ್ರಿಕ್ ಹೆಲಿ, ರಿಮೋಟ್‌ನಲ್ಲಿ ಹಾರಿಸೋ ಮಾಡೆಲ್ ಹೆಲಿಕಾಪ್ಟರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನವರೇ ಕಟ್ಟಿ ಸೆಟ್ ಮಾಡಿ ಕೊಟ್ಟಿದ್ದಾರೆ. 325 ಮಿ.ಮೀ. ಬ್ಲೇಡ್, 3ಎಸ್ (ಮೂರು ಸೆಲ್) ಬ್ಯಾಟರಿ, ಫ್ಲೈಬಾರ್‌ಲೆಸ್ (ಸಮತೋಲನದ ಅಡ್ಡಕಡ್ಡಿ ಇಲ್ಲದ) ಹೆಡ್, ಅದರ ಬದಲಿಗೆ ಹೆಲಿಯನ್ನ ಸ್ಥಿರವಾಗಿ ಇಡೋ ಮೈಕ್ರೋಬೀಸ್ಟ್ ಎಲೆಕ್ಟ್ರಾನಿಕ್ ಯೂನಿಟ್, 120 ಡಿಗ್ರಿ ಸ್ವಾಶ್ (ಸರ್ವೋ ಅನ್ನೋ ಸಣ್ಣ ಮೋಟರ್‌ಗಳು ವಾಲಿಸಿ ಬ್ಲೇಡಿನ ಕೋನ ಬದಲಿಸೋ ತಟ್ಟೆ). ಹೆಡ್ ಸ್ಪೀಡ್ (ರೋಟರ್ ತಿರುಗೋ ವೇಗ) ಅಳೆದಾಗ 2000 ಆರ್‌ಪಿಎಂ ಹತ್ತಿರ ಬಂತು.

ಹೋವರ್‌ನಲ್ಲಿ, ಅಂದ್ರೆ ಗಾಳಿಯಲ್ಲಿ ನಿಂತಲ್ಲೇ ಇರುವಾಗ, ಏನೂ ತಕರಾರಿಲ್ಲ. ನಿಧಾನಕ್ಕೆ ಮುಂದೆ ಹೋದರೂ ಸರಿ ಇರುತ್ತೆ. ಎಲಿವೇಟರ್ (ಮೂಗು ಮೇಲೆ ಕೆಳಗೆ ಮಾಡೋ ಸ್ಟಿಕ್) ಒತ್ತಿ ವೇಗ ತಗೊಂಡ್ರೆ ಮಾತ್ರ, ಒಂದು ಹಂತ ದಾಟಿದ ಮೇಲೆ ಮೂಗು ತಾನಾಗೇ ಮೇಲೇಳುತ್ತೆ. ಹೆಲಿ ಮೇಲಕ್ಕೆ ಏರಿ, ವೇಗ ಕಳ್ಕೊಂಡು, ಮತ್ತೆ ಸಮ ಆಗುತ್ತೆ. ಸ್ಟಿಕ್ ಇನ್ನೂ ಮುಂದೆ ತಳ್ಳಿ ಹಿಡಿದ್ರೆ ಸ್ವಲ್ಪ ಹೊತ್ತು ಮಾತು ಕೇಳುತ್ತೆ, ಆಮೇಲೆ ಅದೂ ಇಲ್ಲ. ಯೂನಿಟ್‌ನ ಗೇನ್ ಡಯಲ್ (ಅದು ಎಷ್ಟು ಜೋರಾಗಿ ತಿದ್ದಬೇಕು ಅನ್ನೋದು) ಏರಿಸಿದೆ, ಹೋವರ್‌ನಲ್ಲಿ ನಡುಗೋಕೆ ಶುರು ಆಯ್ತು, ವಾಪಸ್ ಇಳಿಸಿದೆ.

ಜೊತೆಗೆ ಹಾರಿಸೋರೊಬ್ಬರು ಯೂನಿಟ್ಟೇ ಹೋಗಿದೆ, ಬದಲಾಯಿಸು ಅಂತಾರೆ. ದುಡ್ಡು ಸುರಿಯೋ ಮುಂಚೆ ಬೇರೆ ಏನೇನು ನೋಡಬಹುದು?

ಬಸವನಗುಡಿ_ಬ್ಲೇಡ್
ಸಿ.ಜಿ. (ತೂಕದ ಕೇಂದ್ರ) ನೋಡಿದ್ರಾ? ಬ್ಯಾಟರಿ ಮುಂದೆ ತಳ್ಳಿ.

ಕೆಂಗೇರಿ_450
ನೋಡಿದೆ ಸರ್. ಬ್ಲೇಡನ್ನ ಬೂಮ್‌ಗೆ (ಬಾಲದ ಕೊಳವೆಗೆ) ಅಡ್ಡ ತಿರುಗಿಸಿ, ಹೆಡ್ ಹಿಡಿದು ಎತ್ತಿದ್ರೆ ಮೂಗು ಸಮ ನಿಲ್ಲುತ್ತೆ. ಬ್ಯಾಟರಿ, ಕ್ಯಾನೊಪಿ ಎರಡೂ ಹಾಕಿಯೇ ನೋಡಿದ್ದು.

ಸೈಟ್_ಫ್ಲೈಯರ್
ಟ್ರಾನ್ಸ್‌ಮಿಟರ್‌ನಲ್ಲಿ ಎಲಿವೇಟರ್ ಟ್ರಿಮ್ ಎರಡು ಕ್ಲಿಕ್ ಮುಂದೆ ಕೊಡಿ ಗುರು, ಮುಗೀತು.

ಸ್ವಾಶ್‌ಪ್ಲೇಟ್_120
ದಯವಿಟ್ಟು ಟ್ರಿಮ್ ಮುಟ್ಟಬೇಡಿ. ಫ್ಲೈಬಾರ್‌ಲೆಸ್ ಯೂನಿಟ್ ಇರೋ ಹೆಲಿಗೆ ಟ್ರಿಮ್ ಕೊಡೋ ಹಾಗಿಲ್ಲ. ಸ್ಟಿಕ್ ಎಷ್ಟು ಸರಿಯಿತೋ ಅಷ್ಟು ವೇಗದಲ್ಲಿ ತಿರುಗು ಅಂತ ಯೂನಿಟ್ ಅರ್ಥ ಮಾಡ್ಕೊಳ್ಳುತ್ತೆ. ಟ್ರಿಮ್ ಕೊಟ್ರೆ ಯಾವಾಗಲೂ ಮುಂದಕ್ಕೆ ತಿರುಗ್ತಾನೇ ಇರು ಅಂತ ಹೇಳಿದ ಹಾಗೆ. ಹೋವರ್‌ನಲ್ಲೂ ಮೂಗು ಬಗ್ಗಿಸ್ತಾ ಹೋಗುತ್ತೆ, ಕಾಯಿಲೆ ಇದ್ದಲ್ಲೇ ಇರುತ್ತೆ. ಟ್ರಾನ್ಸ್‌ಮಿಟರ್‌ನಲ್ಲಿ ಸ್ವಾಶ್ ಮಿಕ್ಸಿಂಗೂ ಆಫ್ ಇರಬೇಕು, ಆ ಲೆಕ್ಕ ಎಲ್ಲಾ ಯೂನಿಟ್ ಮಾಡ್ಕೊಳ್ಳುತ್ತೆ.

ಹಳೇ_ಫ್ಲೈಬಾರ್
ನಾನು ಮೊದಲಿಂದ ಹೇಳ್ತಾ ಇರೋದು ಇದನ್ನೇ. ಫ್ಲೈಬಾರ್ ಕಾಲದಲ್ಲಿ ಮೂಗು ಎತ್ತಿದ್ರೆ ಭಾರದ ಪ್ಯಾಡಲ್ ಹಾಕ್ತಿದ್ವಿ ಅಥವಾ ಫ್ಲೈಬಾರ್ ತೂಕದ ಬಿಲ್ಲೆಗಳನ್ನ ಹೊರಗೆ ಸರಿಸ್ತಿದ್ವಿ. ಕೈಯಲ್ಲಿ ಮುಟ್ಟಿ ನೋಡಿ ಸರಿ ಮಾಡೋ ಕೆಲಸ. ಈಗ ಎಲ್ಲರೂ ಲ್ಯಾಪ್‌ಟಾಪ್ ತೆಗೆದು ಗೇನ್ ತಿರುಗಿಸ್ತಾರೆ. ಹೆಡ್ ಯಾಕೆ ಹಾಗೆ ಮಾಡುತ್ತೆ ಅಂತ ತಿಳ್ಕೊಳ್ಳೋರು ಕಮ್ಮಿ.

ಬಸವನಗುಡಿ_ಬ್ಲೇಡ್
ಅಣ್ಣ, ಅವರು ಕೇಳಿದ್ದು ಫ್ಲೈಬಾರ್‌ಲೆಸ್ ಹೆಲಿ ಬಗ್ಗೆ.

ಹಳೇ_ಫ್ಲೈಬಾರ್
ಹೆಡ್‌ಗೆ ಬೀಳೋ ಗಾಳಿ ಎರಡಕ್ಕೂ ಒಂದೇ ಅಲ್ವಾ? ಕಾರಣ ಗೊತ್ತಿಲ್ಲದೆ ಔಷಧಿ ಹುಡುಕಬಾರದು ಅಂತ ಅಷ್ಟೇ.

ನಿವೃತ್ತ_ರೋಟರ್‌ವಿಂಗ್
ಕಾರಣ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಆದರೆ ಇದನ್ನು ಬಿಟ್ಟರೆ ಉಳಿದದ್ದು ಕತ್ತಲಲ್ಲಿ ತಡಕಾಡಿದಂತೆ.

ಹೆಲಿಕಾಪ್ಟರ್ ಮುಂದೆ ಸಾಗುವಾಗ ರೋಟರಿನ ಒಂದು ಬದಿಯ ಬ್ಲೇಡ್ ಗಾಳಿಗೆ ಎದುರಾಗಿ ಬರುತ್ತದೆ, ಇನ್ನೊಂದು ಬದಿಯದು ಗಾಳಿಯ ಜೊತೆಗೆ ಹಿಂದಕ್ಕೆ ಹೋಗುತ್ತದೆ. ಎದುರಾಗಿ ಬರುವ ಬ್ಲೇಡಿಗೆ ಗಾಳಿಯ ವೇಗ ಹೆಚ್ಚು, ಆದ್ದರಿಂದ ಎತ್ತುವ ಬಲವೂ ಹೆಚ್ಚು. ನಮ್ಮ ಮಾಡೆಲ್‌ಗಳಲ್ಲಿ ಹೆಚ್ಚಿನವು ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತವೆ. ಅಂದರೆ ಎಡಬದಿಯ ಬ್ಲೇಡ್ ಎದುರಾಗಿ ಬರುವುದು, ಬಲಬದಿಯದು ಹಿಂದೆ ಸರಿಯುವುದು.

ಹಾಗಾದರೆ ಹೆಲಿ ಬಲಕ್ಕೆ ವಾಲಬೇಕಲ್ಲವೇ ಎಂದು ಕೇಳಬಹುದು. ತಿರುಗುವ ರೋಟರ್ ಹಾಗೆ ವರ್ತಿಸುವುದಿಲ್ಲ. ಬಲ ಬಿದ್ದ ಜಾಗದಿಂದ ಸುಮಾರು 90 ಡಿಗ್ರಿ ಮುಂದೆ ಹೋದಮೇಲೆ ಅದರ ಪರಿಣಾಮ ಕಾಣುತ್ತದೆ. ಎಡದಲ್ಲಿ ಸಿಕ್ಕ ಹೆಚ್ಚುವರಿ ಬಲಕ್ಕೆ ಬ್ಲೇಡ್ ಅತಿ ಎತ್ತರಕ್ಕೆ ಏಳುವುದು ಮೂಗಿನ ಮೇಲೆ ಬಂದಾಗ. ರೋಟರ್ ತಟ್ಟೆ ಹಿಂದಕ್ಕೆ ವಾಲುತ್ತದೆ, ಮೂಗು ಏಳುತ್ತದೆ. ವೇಗ ಹೆಚ್ಚಿದಷ್ಟೂ ಇದು ಹೆಚ್ಚು.

ದೊಡ್ಡ ಹೆಲಿಕಾಪ್ಟರ್‌ಗಳಲ್ಲೂ ಇದೇ ಇದೆ. ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರ್‌ನಲ್ಲಿ ಬ್ಲೇಡಿಗೆ ಕೀಲಿಲ್ಲ, ಬುಡದ ಭಾಗವೇ ಬಾಗಿಕೊಡುತ್ತದೆ. ನಿಮ್ಮ 450ರಲ್ಲಿ ಆ ಕೆಲಸವನ್ನು ಹೆಡ್ ಒಳಗಿನ ರಬ್ಬರ್ ಡ್ಯಾಂಪರ್‌ಗಳು ಮಾಡುತ್ತವೆ. ದೊಡ್ಡ ಹೆಲಿಕಾಪ್ಟರ್‌ನಲ್ಲಿ ಪೈಲಟ್ ವೇಗ ಏರಿದಂತೆ ಸೈಕ್ಲಿಕ್ಕನ್ನು (ರೋಟರ್ ತಟ್ಟೆಯನ್ನು ವಾಲಿಸುವ ಕೋಲು) ಮುಂದೆ ಒತ್ತುತ್ತಾ ಹೋಗುತ್ತಾನೆ. ನಿಮ್ಮಲ್ಲಿ ಆ ಒತ್ತುವ ಕೆಲಸ ಯೂನಿಟ್‌ನದು. ಆದ್ದರಿಂದ ನಾನು ಕೇಳುವ ಪ್ರಶ್ನೆ ಒಂದೇ: ಯೂನಿಟ್ ಒತ್ತಲು ಹೊರಟಾಗ ಸ್ವಾಶ್‌ಗೆ ಸರಿಯಲು ಜಾಗ ಇದೆಯೇ, ಸರ್ವೋಗೆ ಶಕ್ತಿ ಇದೆಯೇ?

ಹೊಸಬ_ಯಲಹಂಕ
ಸರ್ ತುಂಬಾ ಚೆನ್ನಾಗಿ ಹೇಳಿದ್ರಿ. ಹಾಗಾದ್ರೆ ಉಲ್ಟಾ ದಿಕ್ಕಿಗೆ ತಿರುಗೋ ರೋಟರ್ ಇದ್ರೆ ಮೂಗು ಕೆಳಗೆ ಹೋಗುತ್ತಾ?

ನಿವೃತ್ತ_ರೋಟರ್‌ವಿಂಗ್
ಇಲ್ಲ. ಆಗ ಎದುರಾಗಿ ಬರುವ ಬ್ಲೇಡ್ ಬಲಗಡೆ ಇರುತ್ತದೆ. ಅಲ್ಲಿಂದ ತಿರುಗುವ ದಿಕ್ಕಿನಲ್ಲಿ 90 ಡಿಗ್ರಿ ಹೋದರೆ ಮತ್ತೆ ಮೂಗೇ ಸಿಗುತ್ತದೆ. ಕಾಗದದ ಮೇಲೆ ಒಂದು ವೃತ್ತ ಬರೆದು ನೋಡಿ. ರೋಟರ್ ಯಾವ ಕಡೆ ತಿರುಗಿದರೂ ಮೂಗು ಏಳುವುದೇ. ಡ್ಯಾಂಪರ್ ಗಟ್ಟಿ ಇದ್ದಷ್ಟೂ 90 ಎನ್ನುವುದು ಸ್ವಲ್ಪ ಕಡಿಮೆಯಾಗುತ್ತದೆ, ಆಗ ಜೊತೆಗೆ ಚೂರು ಪಕ್ಕಕ್ಕೆ ವಾಲುವುದೂ ಸೇರಿಕೊಳ್ಳುತ್ತದೆ.

ಸ್ವಾಶ್‌ಪ್ಲೇಟ್_120
ಸರ್ ಹೇಳಿದ್ದಕ್ಕೆ ಸಂಖ್ಯೆ ಸೇರಿಸ್ತೀನಿ. 325 ಬ್ಲೇಡ್ ಹಾಕಿದ 450ರ ರೋಟರ್ ವ್ಯಾಸ ಸುಮಾರು 710 ಮಿ.ಮೀ. 2600 ಆರ್‌ಪಿಎಂನಲ್ಲಿ ಬ್ಲೇಡ್ ತುದಿಯ ವೇಗ ಸೆಕೆಂಡಿಗೆ ಸುಮಾರು 97 ಮೀಟರ್. ಹೆಲಿ ಸೆಕೆಂಡಿಗೆ 20 ಮೀಟರ್, ಅಂದ್ರೆ ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗ್ತಿದ್ರೆ ಒಂದು ಬದಿಯಲ್ಲಿ ತುದಿಗೆ 117, ಇನ್ನೊಂದು ಬದಿಯಲ್ಲಿ 77. ಎತ್ತೋ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಪಿಚ್ (ಬ್ಲೇಡಿನ ಕೋನ) ಎರಡೂ ಕಡೆ ಒಂದೇ ಅಂತ ಇಟ್ಕೊಂಡ್ರೆ, ತುದಿಯಲ್ಲಿ ಒಂದು ಕಡೆ ಇನ್ನೊಂದು ಕಡೆಯ 2.3 ಪಟ್ಟು.

ನಿಮ್ಮ 2000 ಆರ್‌ಪಿಎಂಗೆ ಇದೇ ಲೆಕ್ಕ ಹಾಕಿ. ತುದಿಯ ವೇಗ 74ಕ್ಕೆ ಇಳಿಯುತ್ತೆ. 94 ಮತ್ತು 54. ಈಗ 3 ಪಟ್ಟು.

ಅದೇ ವೇಗ, ಅದೇ ಹೆಲಿ. ಹೆಡ್ ಸ್ಪೀಡ್ ಒಂದೇ ಬದಲಾಗಿದ್ದು.

ಹುಬ್ಬಳ್ಳಿ_ಹೋವರ್
ಇದ ನೋಡ್ರಿ ಮಾತು. 450ಕ್ಕ 2000 ಅಂದ್ರ ಭಾಳ ಕಮ್ಮಿ ಆತು. ನಾ ಬೆಂಗಳೂರಿಗೆ ಬಂದ ಮ್ಯಾಲೆ 2500 ಕೆಳಗ ಇಳಿಸೇ ಇಲ್ಲ. ಪಿನಿಯನ್ (ಮೋಟರ್ ಮ್ಯಾಲಿನ ಸಣ್ಣ ಗೇರ್) ಒಂದು ಹಲ್ಲು ಜಾಸ್ತಿ ಇರೋದು ಹಾಕ್ರಿ, ಇಲ್ಲಾಂದ್ರ ರೋಟರ್ ವೇಗ ಒಂದ ಸಮ ಇಡೋ ಗವರ್ನರ್‌ನಾಗ ಏರಸ್ರಿ.

ಸೈಟ್_ಫ್ಲೈಯರ್
3ಎಸ್‌ನಲ್ಲಿ 2500 ಓಡಿಸಿದ್ರೆ ಬ್ಯಾಟರಿ ಬೇಗ ಮುಗಿಯುತ್ತೆ, ಮೋಟರ್ ಬಿಸಿ. ನಿಧಾನಕ್ಕೆ ಸುತ್ತು ಹೊಡೆಯೋರಿಗೆ ಕಡಿಮೆ ಹೆಡ್ ಸ್ಪೀಡೇ ಒಳ್ಳೇದು.

ಹುಬ್ಬಳ್ಳಿ_ಹೋವರ್
ನಿಧಾನಕ್ಕ ಹೋದ್ರ ಅವರಿಗೂ ತ್ರಾಸ ಇಲ್ಲ ಅಂತ ಅವರ ಬರದಾರಲ್ರೀ. ಜೋರ ಹೋದಾಗ ಬರೋ ಸಮಸ್ಯಾ ಇದು.

ಎಚ್‌ಎಸ್‌ಆರ್_ಹೆಲಿ
ಊರಿನ ವಿಷಯವನ್ನ ಯಾರೂ ಎತ್ತಲಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯೇ ತೆಳು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಲ್ಲಿ ಲೆಕ್ಕ ಹಾಕಿದ್ರೆ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.03 ಕೆ.ಜಿ. ಪುಸ್ತಕದಲ್ಲಿರೋ ಪ್ರಮಾಣಿತ ಗಾಳಿ 1.225. ಅಂದ್ರೆ ಹತ್ತಿರ ಹತ್ತಿರ 16 ಶೇಕಡ ಕಡಿಮೆ. ಅದೇ ಬಿಸಿಲಲ್ಲಿ ಚೆನ್ನೈ ಕಡಲ ತೀರದ ಗಾಳಿಗೆ ಹೋಲಿಸಿದರೂ ನಮ್ಮದು 10 ಶೇಕಡ ತೆಳು.

ಗಾಳಿ ತೆಳುವಾದ್ರೆ ಅದೇ ತೂಕ ಎತ್ತೋಕೆ ಹೆಚ್ಚು ಕಲೆಕ್ಟಿವ್ (ಎಲ್ಲಾ ಬ್ಲೇಡಿಗೂ ಒಟ್ಟಿಗೆ ಕೊಡೋ ಕೋನ) ಬೇಕು. ಕಲೆಕ್ಟಿವ್ ಜಾಸ್ತಿ ಆದಷ್ಟೂ ಎರಡು ಬದಿಯ ವ್ಯತ್ಯಾಸ ಜಾಸ್ತಿ, ಮೂಗು ಏಳೋದೂ ಜಾಸ್ತಿ. ಬೇರೆ ದೇಶದ ವಿಡಿಯೋದಲ್ಲಿ ಯಾರೋ 2000ದಲ್ಲಿ ಆರಾಮಾಗಿ ಹಾರಿಸ್ತಾರೆ ಅಂತ ಇಲ್ಲಿ ಹಾಗೇ ಆಗಬೇಕು ಅಂತಿಲ್ಲ. ಬೆಂಗಳೂರಿನಲ್ಲಿ ಹೆಡ್ ಸ್ಪೀಡನ್ನ ಸ್ವಲ್ಪ ಮೇಲೆ ಇಟ್ಟುಕೊಳ್ಳೋದೇ ಸರಿ.

ಕೆಂಗೇರಿ_450
ಇದು ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ 7ಕ್ಕೆ ಹಾರಿಸಿದಾಗ ತೊಂದರೆ ಕಡಿಮೆ, 11ರ ಮೇಲೆ ಜಾಸ್ತಿ ಅನ್ನಿಸ್ತಿತ್ತು. ಬಿಸಿಲಿಗೆ ಬ್ಯಾಟರಿ ಹೀಗೆ ಆಡುತ್ತೆ ಅಂದುಕೊಂಡಿದ್ದೆ.

ಮಂಗಳೂರು_ಟು_ಮಲ್ಲೇಶ್ವರ
ಗಾಳಿ ಬೀಸೋದೂ ಕಾರಣ ಇರ್ಬಹುದು ಮಾರಾಯ್ರೆ. ಹನ್ನೊಂದರ ಮೇಲೆ ಗಾಳಿ ಎದ್ದಿರ್ತದೆ. ರೋಟರಿಗೆ ಲೆಕ್ಕ ಗಾಳಿಯ ವೇಗ, ನೆಲದ ವೇಗ ಅಲ್ಲ. ಜೂನ್, ಜುಲೈಯಲ್ಲಿ ಪಶ್ಚಿಮದಿಂದ ಗಾಳಿ ಹೊಡೀತದಲ್ಲ, ಆಗ ಆ ಕಡೆ ಮುಖ ಮಾಡಿ ಮೆಲ್ಲ ಹೋದರೂ ಮೂಗು ಏಳ್ತದೆ. ಪರೀಕ್ಷೆ ಮಾಡುವಾಗ ಗಾಳಿಗೆ ಎದುರು ಒಮ್ಮೆ, ಗಾಳಿಯ ಜೊತೆ ಒಮ್ಮೆ ಹೋಗಿ ನೋಡಿ. ಇಲ್ಲದಿದ್ರೆ ಅರ್ಧ ದಿನ ಗಾಳಿಯನ್ನೇ ಸೆಟ್ಟಿಂಗ್ ಮಾಡ್ತಾ ಕೂತ್ಕೊಳ್ತೀರಿ.

ಬಸವನಗುಡಿ_ಬ್ಲೇಡ್
ಎಲ್ಲಾ ಸರಿ. ಆದರೆ ಮೈಕ್ರೋಬೀಸ್ಟ್‌ನಲ್ಲಿ ಇದಕ್ಕಂತಲೇ ಒಂದು ಸೆಟ್ಟಿಂಗ್ ಇದೆ. ಪ್ಯಾರಾಮೀಟರ್ ಮೆನುವಿನ ಸಿ ಪಾಯಿಂಟ್, ಪಿಚಿಂಗ್ ಅಪ್ ಕಾಂಪೆನ್ಸೇಶನ್. ಅದನ್ನ ಏರಿಸಿದ್ರೆ ವೇಗದಲ್ಲಿ ಮೂಗು ಏಳೋದು ಕಮ್ಮಿ ಆಗುತ್ತೆ. ಸೀದಾ ಅದನ್ನ ಮಾಡಿ ಅಂತ ಹೇಳೋದು ಬಿಟ್ಟು ಚೆನ್ನೈ ಗಾಳಿವರೆಗೂ ಹೋಗಿದ್ದೀವಿ.

ಸ್ವಾಶ್‌ಪ್ಲೇಟ್_120
ಅದು ಕೊನೇ ಮೆಟ್ಟಿಲು, ಮೊದಲನೇದಲ್ಲ. ಆ ಮೌಲ್ಯ ಎಷ್ಟು ಕಮ್ಮಿ ಇಟ್ಕೊಂಡು ಕೆಲಸ ಆಗುತ್ತೋ ಅಷ್ಟು ಒಳ್ಳೇದು. ಜಾಸ್ತಿ ಮಾಡಿದ್ರೆ ಎಲಿವೇಟರ್ ಮಂದ ಆಗುತ್ತೆ, ಸ್ಟಿಕ್‌ಗೆ ತಡವಾಗಿ ಸ್ಪಂದಿಸುತ್ತೆ. ಹಾಗೂ ಸ್ವಾಶ್ ಆಗಲೇ ತನ್ನ ಮಿತಿಗೆ ಹೋಗಿ ನಿಂತಿದ್ರೆ, ಯಾವ ಮೆನುವಿನಲ್ಲಿ ಏನು ಏರಿಸಿದ್ರೂ ಯೂನಿಟ್‌ಗೆ ಕೊಡೋಕೆ ಇನ್ನೇನೂ ಉಳಿದಿರಲ್ಲ. ಸ್ಟಿಕ್ ಪೂರ್ತಿ ಒತ್ತಿದ್ರೆ ಸ್ವಲ್ಪ ಹೊತ್ತು ಕೇಳುತ್ತೆ, ಆಮೇಲೆ ಕೇಳಲ್ಲ ಅಂತ ಅವರೇ ಬರೆದಿದ್ದಾರೆ. ನನಗೆ ಅನುಮಾನ ಇರೋದು ಅದರ ಮೇಲೆ.

ಕೆಂಗೇರಿಯವರೇ, ಮೊದಲು ಮೋಟರ್‌ನ ಮೂರು ತಂತಿಗಳನ್ನ ಬಿಚ್ಚಿ. ಇದನ್ನ ಬಿಟ್ಟು ಮುಂದೆ ಹೋಗಬೇಡಿ. ಟೇಬಲ್ ಮೇಲೆ 325 ಕಾರ್ಬನ್ ಬ್ಲೇಡ್ ತಿರುಗಿದ್ರೆ ಬೆರಳು ಉಳಿಯಲ್ಲ. ಮಕ್ಕಳಿರೋ ಮನೆಯಾದ್ರೆ ಬಾಗಿಲು ಹಾಕ್ಕೊಂಡು ಕೆಲಸ ಮಾಡಿ.

ಆಮೇಲೆ ಸೆಟಪ್ ಮೆನುವಿನಲ್ಲಿ ಜೆ ಪಾಯಿಂಟ್‌ಗೆ ಹೋಗಿ. ಬ್ಲೇಡನ್ನ ಬೂಮ್‌ಗೆ ಸಮಾನಾಂತರ ತಿರುಗಿಸಿ, ಪಿಚ್ ಗೇಜ್ ಹಾಕಿ, ಐಲೆರಾನ್ (ಎಡ ಬಲ ವಾಲಿಸೋ) ಸ್ಟಿಕ್‌ನಿಂದ ಸರಿಯಾಗಿ 6 ಡಿಗ್ರಿ ಬರೋ ಹಾಗೆ ಹೊಂದಿಸಿ. ಆಗ ಸ್ಟೇಟಸ್ ದೀಪ ನೀಲಿ ಉರೀಬೇಕು. ನೀಲಿ ಇಲ್ಲ ಅಂದ್ರೆ ಹೆಡ್‌ನ ಜ್ಯಾಮಿತಿಯೇ ಸರಿ ಇಲ್ಲ ಅಂತ ಅರ್ಥ. ಸರ್ವೋ ಹಾರ್ನ್‌ನಲ್ಲಿ (ಸರ್ವೋದ ತಿರುಗೋ ಕೈ) ಬಾಲ್ (ಲಿಂಕ್ ಸಿಕ್ಕಿಸೋ ಗುಂಡು) ಯಾವ ತೂತಿನಲ್ಲಿ ಕೂತಿದೆ ನೋಡಿ.

ಬಸವನಗುಡಿ_ಬ್ಲೇಡ್
ನನ್ನ ಹೆಲಿಯಲ್ಲಿ ಆ ಮೆನು ಒಂದರಲ್ಲೇ ಸರಿ ಹೋಯ್ತು. ಎಲ್ಲರೂ ಪೂರ್ತಿ ಹೆಡ್ ಬಿಚ್ಚಬೇಕಾಗಿಲ್ಲ.

ಸ್ವಾಶ್‌ಪ್ಲೇಟ್_120
ನಿಮ್ಮದನ್ನ ನೀವೇ ಕಟ್ಟಿದ್ದು, ಜ್ಯಾಮಿತಿ ಸರಿ ಇತ್ತು. ಅವರದು ಬೇರೆಯವರು ಕಟ್ಟಿದ್ದು. ಆ ವ್ಯತ್ಯಾಸ ಸಣ್ಣದಲ್ಲ.

ಹೊಸಬ_ಯಲಹಂಕ
ನನ್ನದೂ ಮೂಗು ಎತ್ತುತ್ತೆ, ಆದರೆ ಮುಂದೆ ಹೋಗುವಾಗಲ್ಲ. ನಿಂತಲ್ಲೇ ಥ್ರಾಟಲ್ ಸ್ಟಿಕ್ ಜೋರಾಗಿ ಮೇಲೆ ತಳ್ಳಿದಾಗ ಒಮ್ಮೆ ಎತ್ತಿ ಆಮೇಲೆ ಸಮ ಆಗುತ್ತೆ. ಅದೂ ಇದೇನಾ?

ಸ್ವಾಶ್‌ಪ್ಲೇಟ್_120
ಅಲ್ಲ, ಅದು ಬೇರೆ ಕಾಯಿಲೆ. ಕಲೆಕ್ಟಿವ್ ಕೊಟ್ಟಾಗ ಮೂರೂ ಸರ್ವೋ ಒಂದೇ ದೂರ, ಒಂದೇ ವೇಗದಲ್ಲಿ ಹೋಗಬೇಕು. ಎಲಿವೇಟರ್ ಸರ್ವೋ ಚೂರು ನಿಧಾನ ಆದ್ರೂ, ಅದರ ಹಾರ್ನ್ ಉದ್ದ ಬೇರೆ ಇದ್ರೂ, ಸ್ವಾಶ್ ಏರುವಾಗ ಮುಂದೆ ಅಥವಾ ಹಿಂದೆ ವಾಲುತ್ತೆ. ಸ್ವಾಶ್ ಲೆವೆಲರ್ ಇಟ್ಟು ನಡುವೆ ಮಾತ್ರ ನೋಡಿದ್ರೆ ಸಾಲದು, ಪೂರ್ತಿ ಮೇಲೆ, ಪೂರ್ತಿ ಕೆಳಗೆ ಒಯ್ದೂ ನೋಡಬೇಕು. ಎಲ್ಲಾ ಕಡೆ ಸಮ ಇದ್ರೆ ಆಮೇಲೆ ಸಿ.ಜಿ. ಬಾಲ ಭಾರ ಇದ್ರೂ ಹೀಗೇ ಆಗುತ್ತೆ. ಹೋವರ್‌ನಲ್ಲಿ ಯೂನಿಟ್ ಅದನ್ನ ಮುಚ್ಚಿಟ್ಟಿರುತ್ತೆ, ಜೋರಾಗಿ ಏರಿಸಿದಾಗ ಹೊರಗೆ ಬರುತ್ತೆ.

ಹೊಸಬ_ಯಲಹಂಕ
ತುಂಬಾ ಥ್ಯಾಂಕ್ಸ್ ಅಣ್ಣ. ಹಾಗೇ ಇನ್ನೊಂದು ಪ್ರಶ್ನೆ, ಯಲಹಂಕ ಕಡೆ ಎಲ್ಲಿ ಹಾರಿಸ್ತೀರಾ? ನಮ್ಮ ಲೇಔಟ್ ಪಕ್ಕ ಖಾಲಿ ಸೈಟುಗಳಿವೆ.

ಎಚ್‌ಎಸ್‌ಆರ್_ಹೆಲಿ
ಯಲಹಂಕ ಅಂದ್ರೆ ವಾಯುಪಡೆ ನೆಲೆ ಪಕ್ಕದಲ್ಲೇ, ಜಕ್ಕೂರು ಏರೋಡ್ರೋಮ್ ಇನ್ನೊಂದು ಕಡೆ, ಮೇಲೆ ಕೆಂಪೇಗೌಡ ವಿಮಾನ ನಿಲ್ದಾಣ. ಮೊದಲು ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ವೆಬ್‌ಸೈಟ್) ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣ ನೋಡಿ. ಕೆಂಪು ಇದ್ರೆ ಆಸೆ ಬಿಡಿ. ಹಳದಿ ಇದ್ರೆ ಅನುಮತಿ ಬೇಕು.

ಸೈಟ್_ಫ್ಲೈಯರ್
ಅದು ಡ್ರೋನ್‌ಗೆ. ನಮ್ಮದು ಆಟದ ಹೆಲಿ.

ಎಚ್‌ಎಸ್‌ಆರ್_ಹೆಲಿ
ತಪ್ಪು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಪೈಲಟ್ ಒಳಗಿಲ್ಲದೆ ಹಾರೋ ಎಲ್ಲಕ್ಕೂ ಅನ್ವಯ ಆಗುತ್ತವೆ. ಹವ್ಯಾಸಕ್ಕೆ ಹಾರಿಸೋ ಮಾಡೆಲ್‌ಗಳ ಪ್ರಸ್ತಾಪವೂ ಅದರಲ್ಲೇ ಇದೆ. ಟೈಪ್ ಸರ್ಟಿಫಿಕೇಟ್‌ನಂಥ ಕೆಲವು ವಿಷಯಗಳಲ್ಲಿ ಮಾಡೆಲ್‌ಗೆ ವಿನಾಯಿತಿ ಕೊಟ್ಟಿದ್ದಾರೆ, ಆಕಾಶದ ವಲಯದ ವಿಷಯದಲ್ಲಿ ಅಲ್ಲ. ಹಸಿರು ವಲಯದಲ್ಲೂ 400 ಅಡಿವರೆಗೆ ಮಾತ್ರ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗಾದ್ರೆ 200 ಅಡಿ. ನಾನು ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಒಬ್ಬರು ಮಾಡೋ ಕೆಲಸಕ್ಕೆ ಊರಿನ ಹವ್ಯಾಸಿಗಳಿಗೆಲ್ಲ ಜಾಗ ತಪ್ಪಿಹೋಗಬಾರದು.

ಮಂಗಳೂರು_ಟು_ಮಲ್ಲೇಶ್ವರ
ಖಾಲಿ ಸೈಟು ಅಂದ್ರೆ ಮೇಲೆ ಕರೆಂಟ್ ತಂತಿ, ಕೆಳಗೆ ಕ್ರಿಕೆಟ್ ಆಡುವ ಮಕ್ಕಳು. ಅಲ್ಲಿ ಹೆಲಿ ಬೇಡ. ಊರ ಹೊರಗೆ ಯಾರದಾದ್ರೂ ಹೊಲ ಇದ್ರೆ, ಬೆಳೆ ಇಲ್ಲದ ಸಮಯ ಕೇಳಿ ಹೋಗಿ. ಕೇಳಿದ್ರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ.

ಕೆಂಗೇರಿ_450
ಮತ್ತೆ ವಿಷಯಕ್ಕೆ ಬರ್ತೀನಿ. ಮೋಟರ್ ತಂತಿ ಬಿಚ್ಚಿ, ಜೆ ಪಾಯಿಂಟ್ ನೋಡಿದೆ. 6 ಡಿಗ್ರಿಗೆ ಹೊಂದಿಸಿದ್ರೆ ದೀಪ ನೀಲಿ ಬರಲಿಲ್ಲ. ಮೂರೂ ಸರ್ವೋ ಹಾರ್ನ್‌ನಲ್ಲಿ ಬಾಲ್ ತೀರಾ ಒಳಗಿನ ತೂತಿನಲ್ಲಿದೆ, ಹೆಲಿಯ ಮ್ಯಾನುಯಲ್‌ನಲ್ಲಿ ತೋರಿಸಿರೋದು ಅದಕ್ಕಿಂತ ಹೊರಗಿನದು. ಕಲೆಕ್ಟಿವ್ ಪೂರ್ತಿ ಮೇಲೆ ಇಟ್ಟು ಎಲಿವೇಟರ್ ಒತ್ತಿದ್ರೆ ಸ್ವಾಶ್ ಅಲ್ಪಸ್ವಲ್ಪವೇ ವಾಲುತ್ತೆ.

ಇನ್ನೊಂದು ಕಂಡಿದ್ದು: ಬ್ಲೇಡ್ ಮೇಲಿನ ಸ್ಟಿಕರ್ ಪ್ರಕಾರ ಅದು ಫ್ಲೈಬಾರ್ ಹೆಡ್‌ಗೆ ಮಾಡಿದ ಬ್ಲೇಡ್.

ಸ್ವಾಶ್‌ಪ್ಲೇಟ್_120
ಸಿಕ್ತಲ್ಲ! ಎರಡನ್ನೂ ಸರಿ ಮಾಡಿ. ಬಾಲ್ ಹೊರಗೆ ಹಾಕಿದ ಮೇಲೆ ಸರ್ವೋ ಮಧ್ಯದಲ್ಲಿರುವಾಗ ಹಾರ್ನ್ ಲಿಂಕ್‌ಗೆ 90 ಡಿಗ್ರಿ ಇರಬೇಕು. ಲಿಂಕ್ ಉದ್ದ ಹೊಂದಿಸಿ, ಸ್ವಾಶ್ ಲೆವೆಲ್ ಮಾಡಿ, ಕಲೆಕ್ಟಿವ್ ಪಿಚ್ ಮತ್ತೆ ಮೊದಲಿಂದ ಅಳೆಯಿರಿ. ಒಂದು ಬದಲಾಯಿಸಿದ್ರೆ ಉಳಿದದ್ದೆಲ್ಲಾ ಬದಲಾಗುತ್ತೆ.

ಹಳೇ_ಫ್ಲೈಬಾರ್
ಸರ್ವೋಗೂ ಒಂದು ಮಾತು. ಬಾಲ್ ಹೊರಗೆ ಹೋದ್ರೆ ಓಟ ಜಾಸ್ತಿ ಸಿಗುತ್ತೆ, ಆದರೆ ಸರ್ವೋ ಮೇಲೆ ಬೀಳೋ ಹೊರೆಯೂ ಜಾಸ್ತಿ. ಹಳೇ ಸರ್ವೋ ಆ ಹೊರೆ ತಡೆಯದೆ ಗಾಳಿಯಲ್ಲಿ ಹಿಂದೆ ಸರಿದ್ರೆ ಮತ್ತೆ ಮೂಗು ಏಳುತ್ತೆ. ಬಿ.ಇ.ಸಿ. (ರಿಸೀವರ್, ಸರ್ವೋಗಳಿಗೆ ಕರೆಂಟ್ ಕೊಡೋ ಭಾಗ) ವೋಲ್ಟೇಜ್ ಕುಸಿಯುತ್ತಾ ನೋಡಿ. ಸ್ಟಿಕ್ಕುಗಳನ್ನ ಜೋರಾಗಿ ಸುತ್ತ ತಿರುಗಿಸಿ ಮೂರೂ ಸರ್ವೋ ಒಟ್ಟಿಗೆ ಓಡಿಸಿ, ಆಗ ರಿಸೀವರ್ ವೋಲ್ಟೇಜ್ ಗಮನಿಸಿ. ಕುಸಿದ್ರೆ ಒಂದು ದೊಡ್ಡ ಕೆಪಾಸಿಟರ್ ರಿಸೀವರ್‌ನ ಖಾಲಿ ಚಾನೆಲ್‌ಗೆ ಹಾಕಿ ನೋಡಿ, ಎಸ್.ಪಿ. ರೋಡಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ಆದರೆ ಕೆಪಾಸಿಟರ್ ಕ್ಷಣದ ಕುಸಿತಕ್ಕೆ ಮಾತ್ರ. ಬಿ.ಇ.ಸಿ.ಯೇ ಚಿಕ್ಕದಿದ್ರೆ ಅದನ್ನೇ ಬದಲಾಯಿಸಬೇಕು.

ಹುಬ್ಬಳ್ಳಿ_ಹೋವರ್
ಹಂಗಂತ 6 ವೋಲ್ಟ್ ಸರ್ವೋಕ್ಕ 7.4 ಕೊಡಬ್ಯಾಡ್ರಿ ಮತ್ತ. ಸರ್ವೋ ಮ್ಯಾಲೆ ಏನು ಬರದಾರ ನೋಡಿ ಕೊಡ್ರಿ.

ನಿವೃತ್ತ_ರೋಟರ್‌ವಿಂಗ್
ಹಳೇ ಫ್ಲೈಬಾರ್ ಅವರ ಮಾತು ಬಹಳ ಸರಿ. ಜೊತೆಗೆ ಒಂದು ಎಚ್ಚರಿಕೆ. ಕಡಿಮೆ ಹೆಡ್ ಸ್ಪೀಡಿನಲ್ಲಿ ಹೆಚ್ಚು ಕಲೆಕ್ಟಿವ್ ಹಾಕಿ ಜೋರಾಗಿ ಹೋದರೆ ಹಿಂದೆ ಸರಿಯುವ ಬದಿಯ ಬ್ಲೇಡ್ ಸ್ಟಾಲ್ ಆಗುತ್ತದೆ. ಬಲಬದಿಯಲ್ಲಿ ಬಲ ಕಳೆದುಕೊಂಡರೆ ಅದರ ಪರಿಣಾಮ 90 ಡಿಗ್ರಿ ಮುಂದೆ, ಅಂದರೆ ಬಾಲದ ಮೇಲೆ. ಅಲ್ಲಿ ತಟ್ಟೆ ಕುಸಿಯುತ್ತದೆ, ಮೂಗು ಮತ್ತಷ್ಟು ಏಳುತ್ತದೆ. ಆ ಕ್ಷಣದಲ್ಲಿ ಸ್ಟಿಕ್ ಮುಂದೆ ತಳ್ಳಿ ಹೋರಾಡಬೇಡಿ, ಕಲೆಕ್ಟಿವ್ ಇಳಿಸಿ. ಬ್ಲೇಡಿಗೆ ಉಸಿರು ಬರುತ್ತದೆ.

ಬಸವನಗುಡಿ_ಬ್ಲೇಡ್
ಇದು ಉಪಯೋಗಕ್ಕೆ ಬರೋ ಮಾತು. ನಾವೆಲ್ಲಾ ಗಾಬರಿಯಲ್ಲಿ ಎಲಿವೇಟರನ್ನೇ ಒತ್ತೋದು.

ಕೆಂಗೇರಿ_450
ಹಾರಿಸಿ ಬಂದೆ. ಬಾಲ್ ಜಾಗ ಬದಲಾಯಿಸಿ 6 ಡಿಗ್ರಿಗೆ ಹೊಂದಿಸಿದ ಮೇಲೆ ನೀಲಿ ದೀಪ ಬಂತು. ಫ್ಲೈಬಾರ್‌ಲೆಸ್ ಬ್ಲೇಡ್ ಹಾಕಿದೆ. ಹೆಡ್ ಸ್ಪೀಡ್ 2450ಕ್ಕೆ ಏರಿಸಿದೆ. ಕಾಂಪೆನ್ಸೇಶನ್ ಬೇಕಂತಲೇ ಮುಟ್ಟದೆ ಇದ್ದ ಹಾಗೇ ಬಿಟ್ಟು ಹಾರಿಸಿದೆ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲಿ ಅಂತ.

ವ್ಯತ್ಯಾಸ ನಂಬೋಕೆ ಆಗಲಿಲ್ಲ. ಮೊದಲು ಮೂಗು ಏಳ್ತಿದ್ದ ವೇಗದಲ್ಲಿ ಈಗ ನೇರ ಹೋಗುತ್ತೆ. ಗಾಳಿಗೆ ಎದುರಾಗಿ ಪೂರ್ತಿ ವೇಗದಲ್ಲಿ ಹೋದಾಗ ಮಾತ್ರ ಇನ್ನೂ ಸ್ವಲ್ಪ ಎತ್ತುತ್ತೆ. ಅಲ್ಲಿಗೆ ಕಾಂಪೆನ್ಸೇಶನ್ ಒಂದು ಹಂತ ಏರಿಸಿದೆ, ಅದೂ ನಿಂತಿತು. ಎಲಿವೇಟರ್ ಮಂದ ಆದ ಹಾಗೆ ಅನ್ನಿಸಲಿಲ್ಲ. ಯೂನಿಟ್ ಬದಲಾಯಿಸೋ ದುಡ್ಡು ಉಳೀತು. ಎಲ್ಲರಿಗೂ ಮನಸಾರೆ ಧನ್ಯವಾದ.

ಬಸವನಗುಡಿ_ಬ್ಲೇಡ್
ಕೊನೆಗೆ ಮೆನುವೂ ಬೇಕಾಯ್ತು ಅಲ್ವಾ.

ಸ್ವಾಶ್‌ಪ್ಲೇಟ್_120
ಬೇಕಾಯ್ತು, ಒಂದೇ ಹಂತ. ಮೊದಲೇ ಏರಿಸಿದ್ರೆ ಕೊನೇ ಹಂತಕ್ಕೆ ಹೋದರೂ ಸಾಲ್ತಿರಲಿಲ್ಲ. ನನ್ನ ಮಾತಿನಲ್ಲಿ ಬದಲಾವಣೆ ಇಲ್ಲ.

ಎಚ್‌ಎಸ್‌ಆರ್_ಹೆಲಿ
ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದೀರಾ, ಬಾಲ್, ಬ್ಲೇಡ್, ಹೆಡ್ ಸ್ಪೀಡ್. ಯಾವುದು ಎಷ್ಟು ಕೆಲಸ ಮಾಡಿತು ಗೊತ್ತಾಗಲ್ಲ. ಸಮಯ ಸಿಕ್ಕಾಗ ಗವರ್ನರ್‌ನಲ್ಲಿ ಹೆಡ್ ಸ್ಪೀಡ್ ಒಂದನ್ನೇ 2200ಕ್ಕೆ ಇಳಿಸಿ ಹಾರಿಸಿ ಬರೆಯಿರಿ. ಬೇರೆಯವರಿಗೂ ಪ್ರಯೋಜನ ಆಗುತ್ತೆ.

ಕೆಂಗೇರಿ_450
ಖಂಡಿತ ಮಾಡ್ತೀನಿ. ಹೆಡ್ ಬಿಚ್ಚಿದಾಗ ಡ್ಯಾಂಪರ್ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದು ಕಂಡಿತು, ಹೊಸದು ಹಾಕಬೇಕು. ಅದಕ್ಕೆ ಬೇರಿಂಗ್‌ಗೆ ಹಾಕೋ ಗ್ರೀಸ್ ಹಚ್ಚಬಹುದಾ?

ಹಳೇ_ಫ್ಲೈಬಾರ್
ಬೇಡ. ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತೆ. ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಡ್ಯಾಂಪರ್ ಎರಡು ಗಡಸುತನದಲ್ಲಿ ಸಿಕ್ಕಿದ್ರೆ ಗಟ್ಟಿ ಇರೋದನ್ನೇ ತಗೊಳ್ಳಿ, ಫ್ಲೈಬಾರ್‌ಲೆಸ್ ಹೆಡ್‌ಗೆ ಅದು ಸರಿ ಹೊಂದುತ್ತೆ. ಎರಡೂ ಬದಿಯದನ್ನ ಒಟ್ಟಿಗೆ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಇಡಬೇಡಿ. ಹಾಕಿದ ಮೇಲೆ ಗೇನ್ ಸ್ವಲ್ಪ ಇಳಿಸಿ, ಹೋವರ್‌ನಲ್ಲಿ ನೋಡ್ಕೊಂಡು ಮೇಲೆ ಬನ್ನಿ.

ಹುಬ್ಬಳ್ಳಿ_ಹೋವರ್
ಡ್ಯಾಂಪರ್ ಹಾಕೂ ಮುಂದ ಫೆದರಿಂಗ್ ಶಾಫ್ಟ್ (ಹೆಡ್ ಒಳಗ ಎರಡೂ ಬ್ಲೇಡ್ ಹಿಡಿಯೋ ಕಂಬಿ) ಹೊರಗ ತಗದು ಗಾಜಿನ ಮ್ಯಾಲೆ ಉರುಳಿಸಿ ನೋಡ್ರಿ. ಬಾಗಿದ್ರ ಅದನ್ನೂ ಬದಲಿ ಮಾಡ್ರಿ. ಹೊಸ ರಬ್ಬರಿಗೆ ಹಳೇ ಬಾಗಿದ ಶಾಫ್ಟ್ ಹಾಕಿದ್ರ ಹೆಲಿ ನಡಗೂದು ನಿಲ್ಲಂಗಿಲ್ಲ.